ಗೋಪಮ್ಮ ಹಿಂದ ಉಳಿದಾಳ

"ಕಣ್ಣು ಮುಚ್ಚು," ಎಂದಳು ಮೂಕಮ್ಮ.

ಶೈಲಜಾ ಕಣ್ಣು ಮುಚ್ಚಿದಳು. ಮೂಕಮ್ಮ ಎರಡು ಬೆರಳನ್ನು ಮಸಿಯಲ್ಲಿ ಅದ್ದಿ, ಅವಳ ಹಣೆಯಿಂದ ಗಲ್ಲದವರೆಗೆ ಎಳೆದಳು. ಬೆಳ್ಳಗಿನ ಮುಖದ ಮೇಲೆ ಎರಡು ಕರಿ ದಾರಿ ಮೂಡಿದವು. ಆಮೇಲೆ ಅಂಗೈಯಿಂದ ಸವರಿದಳು. ದಾರಿಗಳು ಕೂಡಿಕೊಂಡು ಮುಖವೆಲ್ಲ ಕಪ್ಪಾಯಿತು.

ಮಸಿ ಮೂಕಮ್ಮನ ಮನೆಯದು. ರೊಟ್ಟಿ ಹೆಂಚಿನ ಬೆನ್ನು ಕೆರೆದು, ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ, ತೆಂಗಿನ ಚಿಪ್ಪಿನಲ್ಲಿ ತಂದಿದ್ದಳು. ಅನ್ನಮ್ಮ ಟೀಚರ್ ಡ್ಯಾನ್ಸಿಗೆ ಮಸಿ ಯಾರು ತರುತ್ತೀರಿ ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ಅವಳೇ.

"ಕಿವಿ ಬಿಟ್ಟೀ ನೋಡು," ಎಂದಳು ಶೈಲಜಾ. "ಕಿವಿ ಬೆಳ್ಳಗ ಕಂಡ್ರ ನಾ ಗೋಪಮ್ಮ ಹೆಂಗ ಆಗ್ತೀನಿ?"

ಮೂಕಮ್ಮ ಕಿವಿಗೂ ಹಚ್ಚಿದಳು. ಒಬ್ಬೊಬ್ಬರಾಗಿ ಸಾಲಿನಲ್ಲಿದ್ದ ಹುಡುಗಿಯರಿಗೆಲ್ಲ ಹಚ್ಚಿದ ಮೇಲೂ ಚಿಪ್ಪಿನ ತಳದಲ್ಲಿ ಸ್ವಲ್ಪ ಉಳಿದಿತ್ತು. ಅವಳು ಅದನ್ನು ತನ್ನ ಕೆನ್ನೆಗೆ ಹಚ್ಚಿಕೊಳ್ಳಲು ಹೋದಳು. ಶೈಲಜಾ ಅವಳ ಕೈ ಹಿಡಿದಳು.

"ನಿನಗ್ಯಾಕ ಬೇ? ದೇವರು ಮೊದಲ ಹಚ್ಚಿ ಕಳಿಸ್ಯಾನ."

ಎಲ್ಲರೂ ನಕ್ಕರು. ಮೂಕಮ್ಮನೂ ನಕ್ಕಳು. ನಗದಿದ್ದರೆ ಅವರ ನಗು ಇನ್ನೂ ಬೆಳೆಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಅನ್ನಮ್ಮ ಟೀಚರ್ ಬಂದು ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು. ಢಂ ಢಂ ಎಂದು ಡ್ರಮ್ ಶುರುವಾಯಿತು. ಅದರ ಹಿಂದೆಯೇ ಡಿಸ್ಕೊ ವೆಂಕೋಬನ ದನಿ ಓಡಿ ಬಂತು.

"ತಡಿಯೋ ತಡಿಯೋ ಸೂರ್ಯಾ, ಜರಾ ತಡಿಯೋ,
ಗೋಪಮ್ಮ ಹಿಂದ ಉಳಿದಾಳ."

ಆ ವರ್ಷ ಮಾನ್ವಿಯಲ್ಲಿ ಈ ಹಾಡು ಕೇಳದ ಕಿವಿ ಇರಲಿಲ್ಲ. ಹೋಟೆಲಿನಲ್ಲಿ, ರೈಸ್ ಮಿಲ್ಲಿನಲ್ಲಿ, ಮದುವೆ ಮನೆಯ ಮೈಕಿನಲ್ಲಿ ಇದೇ ಹಾಡು. ವೆಂಕೋಬ ರಾಯಚೂರಿನ ಆರ್ಕೆಸ್ಟ್ರಾದ ಹಾಡುಗಾರ. ಮಿಂಚುವ ಶರ್ಟು, ಬಿಳಿ ಪ್ಯಾಂಟು, ಬಿಳಿ ಬೂಟು. ಬುಧವಾರದ ಸ್ಕೂಲ್ ಗ್ಯಾದರಿಂಗಿಗೆ ಅವನೇ ಬರುವವನಿದ್ದ. ಗೋಪಮ್ಮನ ಪಾರ್ಟು ಮಾಡಿದ ಹುಡುಗಿ ಅವನಿಗೆ ಹಾರ ಹಾಕಬೇಕು, ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬೇಕು ಎಂದು ಟೀಚರ್ ಹೇಳಿದ್ದರು. ಆ ಫೋಟೋ ಮೂಕಮ್ಮನಿಗೆ ಬೇಕಾಗಿತ್ತು. ಬೇರೆ ಯಾವುದನ್ನೂ ಅವಳು ಎಂದೂ ಅಷ್ಟು ಬಯಸಿರಲಿಲ್ಲ.

ಡ್ಯಾನ್ಸಿನಲ್ಲಿ ಎಲ್ಲರೂ ಬಗ್ಗಿ ನಾಟಿ ಹಚ್ಚುತ್ತಾರೆ. ಗೋಪಮ್ಮ ಹಿಂದೆ ಉಳಿಯುತ್ತಾಳೆ. ಆಕಳಿಸುತ್ತಾಳೆ, ತಲೆ ಕೆರೆಯುತ್ತಾಳೆ, ಬದುವಿನ ಮೇಲೆ ಕುಂತುಬಿಡುತ್ತಾಳೆ. ಉಳಿದವರು ಅವಳ ಸೆರಗು ಹಿಡಿದು ಎಳೆಯುತ್ತಾರೆ. ಚಪ್ಪಾಳೆ ಬೀಳುವುದು ಅಲ್ಲಿಯೇ. ಮೂಕಮ್ಮನ ಜಾಗ ಕೊನೆಯ ಸಾಲು. ಆದರೆ ಮನೆಯ ಬಾಗಿಲ ಮರೆಯಲ್ಲಿ ಅವಳು ದಿನಾ ಗೋಪಮ್ಮನ ಸ್ಟೆಪ್ಪನ್ನೇ ಹಾಕುತ್ತಿದ್ದಳು. ಅವಳ ಅವ್ವನ ಹೆಸರೂ ಗೋಪಮ್ಮನೇ. ಅದರಲ್ಲೇನು, ಓಣಿಗೊಬ್ಬ ಗೋಪಮ್ಮ ಇರುತ್ತಾಳೆ.

ಸಂಜೆ ಅವಳು ಗೆಳತಿ ವಾಹಿದಾಳ ಜೊತೆ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿದ್ದಳು. ಅಲ್ಲಿ ವಾಹಿದಾಳ ಅಬ್ಬಾನ ಕ್ಯಾಸೆಟ್ ಅಂಗಡಿ. ಕೂಲಿಯವರ ಟ್ರ್ಯಾಕ್ಟರ್ ಬಂದು ಅಂಗಡಿಯ ಎದುರಿಗೇ ನಿಂತಿತು. ಅಜ್ಜಿ ಮಾನಮ್ಮ ಇಳಿದಳು. ಮೊಣಕಾಲವರೆಗೆ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಮೂಕಮ್ಮ ಅಜ್ಜಿಯ ಕೈ ಹಿಡಿದು ಎಳೆತಂದು, ಹಾಡು ಕೇಳು ಎಂದಳು.

ಅಜ್ಜಿ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಕೇಳುತ್ತ ಕೇಳುತ್ತ ಅವಳ ಬಾಯಿ ಅಗಲವಾಯಿತು. ಇದು ನಮ್ಮ ನಾಟಿ ಹಾಡಲ್ಲವೇ ಎಂದಳು. ಹೋದ ವರ್ಷ ನೀರಮಾನ್ವಿ ಕಡೆಯ ಹೊಲದಲ್ಲಿ ನಾಟಿ ಹಚ್ಚುತ್ತಿದ್ದಾಗ ಒಬ್ಬ ಮೋಟಾರ್ ಸೈಕಲ್ ಮೇಲೆ ಬಂದಿದ್ದನಂತೆ. ಹೆಗಲಿಗೊಂದು ಹಾಡು ಹಿಡಿಯುವ ಪೆಟ್ಟಿಗೆ. ಬದುವಿನ ಮೇಲೆ ಕುಂತು, ಹಾಡ್ರಿ ಅಮ್ಮಾ ಎಂದನಂತೆ. ಎಲ್ಲರಿಗೂ ಚಹಾ, ಬಿಸ್ಕೀಟು ಕೊಡಿಸಿ, ಹೋಗುವಾಗ ಅಜ್ಜಿಯ ಕಾಲಿಗೂ ಬಿದ್ದನಂತೆ.

ವಾಹಿದಾ ಕ್ಯಾಸೆಟ್ಟಿನ ಡಬ್ಬಿ ತಂದು ತೋರಿಸಿದಳು. ಮೇಲೆ ವೆಂಕೋಬನ ಚಿತ್ರ. ತಲೆಗೆ ಟವೆಲ್, ಕೈಯಲ್ಲಿ ಸಸಿಯ ಕಟ್ಟು, ಮುಖಕ್ಕೆ ತೋಳಿಗೆಲ್ಲ ಕರಿ ಬಣ್ಣ. ಹಲ್ಲು ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದವು. ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇವನ ಖರೆ. ಆದ್ರ ನಮ್ಮ ಕಡಿ ಬಂದಾಗ ಬೆಳ್ಳಗಿದ್ದನಲ್ಲ. ಯಾಕ ಹಿಂಗಾದ ಪಾಪ?"

"ಬಣ್ಣ ಹಚ್ಕೊಂಡಾನ ಅಜ್ಜಿ," ಎಂದು ವಾಹಿದಾ ನಕ್ಕಳು. "ಹಂಗ ಮಾಡಿದ್ರನ ನಿಮ್ಮ ಹಾಡು ಅನಸ್ತದಂತ."

"ಹಂಗಾ," ಎಂದಳು ಅಜ್ಜಿ. ಡಬ್ಬಿ ಹಿಂದಕ್ಕೆ ಕೊಟ್ಟಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, ಈ ಹಾಡಿನ ಗೋಪಮ್ಮ ನಿಮ್ಮವ್ವನೇ, ಅವತ್ತು ಅವಳ ಹೊಟ್ಟೆಯಲ್ಲಿ ನಿನ್ನ ತಮ್ಮ ಅಯ್ಯಪ್ಪ ಇದ್ದ ಎಂದಳು.

ಮೂಕಮ್ಮನಿಗೆ ಮುಂದಿನ ಮಾತು ಕೇಳಿಸಲೇ ಇಲ್ಲ. ನಮ್ಮವ್ವ ಕ್ಯಾಸೆಟ್ಟಿನಲ್ಲಿ! ಅವಳು ಮನೆಗೆ ಓಡಿದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ಕೇಳಿ ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡಳು. ತನ್ನ ತವರೂರು ದೇವದುರ್ಗದ ಬಸ್ಸಿನಲ್ಲೂ ಹಾಕುತ್ತಾರೇನು ಎಂದು ಎರಡು ಸಲ ಕೇಳಿದಳು. ಡ್ಯಾನ್ಸಿಗೆ ಹಳೆಯ ಹರಿದ ಸೀರೆ ಬೇಕು ಎಂದು ಟೀಚರ್ ಹೇಳಿದ್ದನ್ನು ಮೂಕಮ್ಮ ನೆನಪಿಸಿದಾಗ, ನಾನೇ ತಂದು ಕೊಡುತ್ತೇನೆ, ಹಂಗೇ ನೋಡಿಕೊಂಡೂ ಬರುತ್ತೇನೆ ಎಂದಳು.

ಮರುದಿನ ಅವ್ವ ಬಂದಳು. ಒಂದು ಹೊತ್ತಿನ ಕೂಲಿ ಬಿಟ್ಟು ಬಂದಿದ್ದಳು. ಸೊಂಟದ ಮೇಲೆ ಅಯ್ಯಪ್ಪ, ಕೈಯಲ್ಲಿ ಮಡಚಿದ ಸೀರೆ. ಟೀಚರ್ ಕೇಳಿದ್ದು ಹರಿದದ್ದು. ಅವ್ವ ತಂದಿದ್ದು ಹಬ್ಬಕ್ಕೆ ಉಡುವ ಹಸಿರು ಸೀರೆ. ಶಾಲೆಗೆ ಹರಿದದ್ದು ಕೊಡುವುದುಂಟೇ ಎಂದು ಅವಳ ಲೆಕ್ಕ.

ಒಳಗೆ ಹಾಡು ಓಡುತ್ತಿತ್ತು. ಮಸಿ ಹಚ್ಚಿಕೊಂಡ ಹುಡುಗಿಯರು ಬಗ್ಗಿ ಏಳುತ್ತಿದ್ದರು. ಅವ್ವ ಬಾಗಿಲಲ್ಲಿ ನಿಂತು ನಗುತ್ತ ನೋಡಿದಳು. ಶೈಲಜಾ ಹಿಂದೆ ಉಳಿದಳು. ಬಾಯಿ ಅಷ್ಟಗಲ ತೆರೆದು ಆಕಳಿಸಿದಳು. ತಲೆ ಕೆರೆದಳು. ತಂಬಾಕು ಉಗುಳಿದಂತೆ ಮಾಡಿ ಕುಂತುಬಿಟ್ಟಳು. ಹುಡುಗಿಯರು ಕೇಕೆ ಹಾಕಿದರು.

ಅವ್ವನ ನಗು ನಿಂತಿತು.

"ಆ ಹುಡುಗಿ ಯಾಕ ಹಂಗ ಮಾಡಾಕತ್ಯಾಳ್ರೀ?" ಎಂದು ಟೀಚರನ್ನು ಕೇಳಿದಳು.

"ಅಕಿ ಗೋಪಮ್ಮ ಅಂತರೀ, ಮೈಗಳ್ಳಿ," ಎಂದರು ಟೀಚರ್. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವರಿಗೆ ಈಕೆ ಮೂಕಮ್ಮನ ಅವ್ವ ಎಂದಷ್ಟೇ ಗೊತ್ತು, ಹೆಸರು ಗೊತ್ತಿರಲಿಲ್ಲ. "ಕೆಲಸ ಅಂದ್ರ ಬ್ಯಾಸರ. ಅದಕ್ಕ ಹಿಂದ ಉಳೀತಾಳ."

ಗೋಪಮ್ಮ ಅಂದರೆ ನಮ್ಮವ್ವ ಎಂಬ ಮಾತು ಕೊನೆಯ ಸಾಲಿನಲ್ಲಿದ್ದ ಮೂಕಮ್ಮನ ನಾಲಿಗೆ ತುದಿಗೆ ಬಂದಿತ್ತು. ಅದು ಅಲ್ಲಿಯೇ ನಿಂತಿತು. ಅವ್ವ ಅವಳ ಕಡೆ ನೋಡಲಿಲ್ಲ. ಅಯ್ಯಪ್ಪನನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು.

"ಹೌದೇನ್ರೀ. ಚಂದ ಮಾಡ್ತಾರ್ರೀ," ಎಂದು ಸೀರೆಯನ್ನು ಟೀಚರ್ ಕೈಗೆ ಕೊಟ್ಟು ಹೋದಳು.

ಶಾಲೆ ಬಿಟ್ಟ ಮೇಲೆ ಮೂಕಮ್ಮ ಸರಸರ ಮನೆ ಕಡೆ ನಡೆದಳು. ವಾಹಿದಾ ಅವಳನ್ನು ಬಿಡಲಿಲ್ಲ. ಏನಾಯಿತು ಎಂದು ಕೇಳಿ ಕೇಳಿ ಹೊರಗೆ ತೆಗೆಸಿದಳು. ಎಲ್ಲ ಕೇಳಿ, ವೆಂಕೋಬನದೇನು ತಪ್ಪು ಎಂದಳು. ಹಾಡು ಯಾರು ಬೇಕಾದರೂ ಹಾಡಬಹುದು.

"ಹಾಡಿಗೆ ಮಾಲಕರು ಇರ್ತಾರೇನು? ಮೊಹರಂ ಅಲಾಯಿ ಹಬ್ಬದಾಗ ನಿಮ್ಮಜ್ಜಿ ನಮ್ಮ ಹಸೇನ್ ಹುಸೇನರ ಪದ ಹಾಡಂಗಿಲ್ಲೇನು? ನಮ್ಮಬ್ಬಾ ಒಂದಿನಾನರ ಬ್ಯಾಡ ಅಂದಾರೇನು?"

ಮೂಕಮ್ಮ ಯೋಚಿಸಿದಳು. ಅದೂ ಖರೆಯೇ.

"ಅಜ್ಜಿ ಅದನ್ನ ಹಾಡೋವಾಗ ಅಳ್ತಾಳ," ಎಂದಳು ಕೊನೆಗೆ. "ಯಾರನ್ನೂ ನಗಸಾಕ ಹಾಡಂಗಿಲ್ಲ."

ಅಷ್ಟರಲ್ಲಿ ಅಂಗಡಿ ಬಂತು. ಅಲ್ಲಿ ಅಮೆರಿಕದ ಹಾಡುಗಾರನೊಬ್ಬನ ಪೋಸ್ಟರ್ ತೂಗುತ್ತಿತ್ತು. ಕಪ್ಪು ಮನುಷ್ಯ, ಗುಂಗುರು ಕೂದಲು. ವೆಂಕೋಬ ಡಿಸ್ಕೊ ಕಲಿತದ್ದು ಇಂಥವರ ಕ್ಯಾಸೆಟ್ ಕೇಳಿಯೇ ಎಂದು ವಾಹಿದಾಳ ಅಬ್ಬಾ ಹೇಳುತ್ತಿದ್ದರು.

"ಅರೆ, ಇವನ್ನ ನೋಡು. ನಿನಗಿಂತ ಕರಿಯಂವ. ಆದ್ರೂ ಎಂಥಾ ಸ್ಟಾರ್!" ಎಂದಳು ವಾಹಿದಾ, ಗೆಳತಿಗೆ ಸಮಾಧಾನವಾಗಲಿ ಎಂದು.

"ಇಂವ ತನ್ನ ಮುಖಾನ ಇಟ್ಕೊಂಡಾನ, ಬ್ಯಾರೆದವರದಲ್ಲ," ಎಂದಳು ಮೂಕಮ್ಮ.

ವಾಹಿದಾ ಗಲ್ಲಾಪೆಟ್ಟಿಗೆಯ ಮೇಲಿದ್ದ ಡಬ್ಬಿಯಿಂದ ಒಂದು ಪೆಪ್ಪರಮಿಂಟ್ ತೆಗೆದು ಗೆಳತಿಯ ಕೈಯಲ್ಲಿಟ್ಟಳು.

ಮನೆಯಲ್ಲಿ ಅವ್ವ ಎಂದಿನಂತೆಯೇ ಇದ್ದಳು. ಶಾಲೆಯ ಸುದ್ದಿ ಎತ್ತಲಿಲ್ಲ. ಊಟಕ್ಕೆ ಬಡಿಸುವಾಗ ಮಾತ್ರ, ಮಗಳ ತಟ್ಟೆ ನೋಡುತ್ತ, ಮೆಲ್ಲಗೆ ಕೇಳಿದಳು.

"ನಾವು ಹಂಗ ಕಾಣ್ತೀವೇನವ್ವ?"

ಮೂಕಮ್ಮ ರೊಟ್ಟಿ ಮುರಿಯುತ್ತ ಕುಂತಳು. ಎಷ್ಟು ಮುರಿದರೂ ತುತ್ತು ದೊಡ್ಡದೆನಿಸಿತು.

ರವಿವಾರ ಅಯ್ಯಪ್ಪನನ್ನು ನೋಡಿಕೊಳ್ಳಲು ಅವಳೂ ಹೊಲಕ್ಕೆ ಹೋದಳು. ಕಾಲುವೆಯ ನೀರು ಗದ್ದೆ ತುಂಬ ನಿಂತು ಆಕಾಶ ಕಾಣಿಸುತ್ತಿತ್ತು. ಅಯ್ಯಪ್ಪ ಜಾಲಿ ಮರದ ಜೋಲಿಯಲ್ಲಿ ನಿದ್ದೆಹೋದ. ಮೂಕಮ್ಮ ಲಂಗ ಎತ್ತಿ ಕಟ್ಟಿ ಕೆಸರಿಗೆ ಇಳಿದು, ಸಾಲಿನ ಕೊನೆಗೆ, ಅವ್ವನ ಪಕ್ಕ ನಿಂತಳು.

ಹತ್ತು ಹೆಂಗಸರ ಬೆನ್ನು ಒಟ್ಟಿಗೆ ಬಗ್ಗಿದವು. ಅಜ್ಜಿ ಹಾಡು ಎತ್ತಿದಳು. ಮೂಕಮ್ಮನಿಗೆ ಮೊದಲು ಅದೇ ಹಾಡು ಎಂದು ಅನಿಸಲೇ ಇಲ್ಲ. ಅಷ್ಟು ನಿಧಾನವಾಗಿತ್ತು. ಒಂದು ಮಾತಿಗೆ ಒಂದು ಸಸಿ. ಮಾತು ಮುಗಿದಾಗ ಸಸಿ ನಿಂತಿರುತ್ತಿತ್ತು.

ಸ್ವಲ್ಪ ಹೊತ್ತಿಗೆ ಅವಳ ಸೊಂಟ ಹಿಡಿಯಿತು. ಬೆರಳು ಸೋತವು. ತಲೆ ಎತ್ತಿ ನೋಡಿದರೆ ಎಲ್ಲರೂ ಮುಂದೆ ಹೋಗಿದ್ದರು, ಅವಳೊಬ್ಬಳೇ ಹಿಂದೆ. ಈಗ ನಗುತ್ತಾರೆ ಎಂದುಕೊಂಡಳು. ತಾನೂ ಜೊತೆಗೆ ನಗಲು ಬಾಯಿ ಸಿದ್ಧ ಮಾಡಿಕೊಂಡಳು.

ಅಜ್ಜಿ ಹೊರಳಿ ಸಾಲಿನುದ್ದಕ್ಕೂ ನೋಡಿದಳು. ಲಗೂ ಬಾ ಎನ್ನಲಿಲ್ಲ.

"ತಡಿಯೋ ತಡಿಯೋ ಸೂರ್ಯಾ, ಜರಾ ತಡಿಯೋ,
ಮೂಕಮ್ಮ ಹಿಂದ ಉಳಿದಾಳ."

ಹೆಂಗಸರೆಲ್ಲ ಅದೇ ಸಾಲನ್ನು ಹಿಡಿದರು. "ಸೂರ್ಯಾ" ಎಂಬ ಮಾತನ್ನು ಎಷ್ಟು ಎಳೆದರೆಂದರೆ, ಅದು ಮುಗಿಯುವತನಕ ಯಾರ ಕೈಯೂ ಮುಂದಿನ ಸಸಿಗೆ ಹೋಗಲಿಲ್ಲ. ಮತ್ತೆ ಅದೇ ಸಾಲು. ಮತ್ತೆ. ಅವ್ವ ತಲೆ ಎತ್ತದೆಯೇ ಕೈ ಚಾಚಿ ಮಗಳ ಪಾಲಿನ ಜಾಗದಲ್ಲಿ ಒಂದಿಷ್ಟು ಸಸಿ ಊರಿದಳು. ಮೂಕಮ್ಮ ಬಂದು ಸಾಲು ಸೇರಿಕೊಂಡ ಮೇಲೆಯೇ ಹಾಡು ಮುಂದಿನ ನುಡಿಗೆ ಹೋಯಿತು. ಯಾರೂ ನಗಲಿಲ್ಲ. ಅಜ್ಜಿಯ ಹೊರತು ಯಾರೂ ಹೊರಳಿ ಸಹ ನೋಡಲಿಲ್ಲ.

ಬುತ್ತಿ ಬಿಚ್ಚಿದಾಗ ಅವಳು, ಹಾಡಿನಲ್ಲಿ ನಿನ್ನ ಹೆಸರು ಹೆಂಗೆ ಬಂತು ಎಂದು ಕೇಳಿದಳು. ಅವ್ವ ಕೈ ತೊಳೆಯುತ್ತ ಹೇಳಿದಳು.

"ಇಂವ ಹೊಟ್ಟ್ಯಾಗಿದ್ದಾಗ ನನಗ ಬಗ್ಗಾಕ ಬರ್ತಿದ್ದಿಲ್ಲ. ಅವತ್ತೆಲ್ಲ ನನ್ನ ಹೆಸರ ಹಾಡಿದ್ರು. ಇವತ್ತು ನಿಂದು. ನಾಳಿಗಿ ಯಾರ್ದರ ಇರ್ತದ."

ಮೂಕಮ್ಮ ಅವ್ವನ ತೋಳಿಗೆ ಒರಗಿ ಕುಂತಳು. ತೋಳು ಬಿಸಿಲಿಗೆ ಬೆಚ್ಚಗಿತ್ತು, ಕೆಸರಿನ ವಾಸನೆ ಬರುತ್ತಿತ್ತು.

ಸೋಮವಾರ ಶೈಲಜಾಳ ತಾಯಿ ಶಾಲೆಗೆ ಬಂದರು. ಮಗಳ ಕೆನ್ನೆಯ ಮೇಲೆ ಸಣ್ಣ ಗುಳ್ಳೆ ಎದ್ದಿದ್ದವು. ಮಸಿ ಹಚ್ಚಿ ಹಚ್ಚಿ ಹುಡುಗಿ ಕರ್ರಗಾದರೆ ಯಾರು ಜವಾಬ್ದಾರಿ ಎಂದು ಅವರು ಅನ್ನಮ್ಮ ಟೀಚರನ್ನು ಕೇಳಿದರು. ಪೌಡರ್ ಹಚ್ಚಿದರೆ ಮಾಡಲಿ, ಮಸಿ ಬೇಡ ಎಂದರು. ಅವರು ಹೋದ ಮೇಲೆ ಶೈಲಜಾ ಕಿಟಕಿಯ ಹತ್ತಿರ ಕುಂತು, ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಂಡಳು.

ಪೌಡರ್ ಹಚ್ಚಿದ ಗೋಪಮ್ಮ ಬೇಡವೆಂದುಕೊಂಡರು ಟೀಚರ್. ಆಮೇಲೆ ಕೊನೆಯ ಸಾಲಿನ ಕಡೆ ನೋಡಿದರು. ಆ ಹುಡುಗಿಗೆ ಹಾಡಿನ ಒಂದೊಂದು ಮಾತೂ ಬರುತ್ತದೆ ಎಂಬುದನ್ನು ಅವರು ಎಂದೋ ಗಮನಿಸಿದ್ದರು.

"ಮೂಕಮ್ಮ, ಮುಂದ ಬಾರವ್ವ. ಗೋಪಮ್ಮ ನೀನ ಆಗು. ಹಾರ ನೀನ ಹಾಕ್ತಿ, ಫೋಟೋದಾಗೂ ನೀನ ಇರ್ತಿ."

ಹುಡುಗಿಯರು ದಾರಿ ಬಿಟ್ಟರು. ವಾಹಿದಾ ಖುಷಿಯಿಂದ ಅವಳ ಬೆನ್ನು ತಳ್ಳಿದಳು. ಮೂಕಮ್ಮ ಮುಂದೆ ಬಂದು ನಿಂತಳು. ದಿನಾ ದೂರದಿಂದ ನೋಡುತ್ತಿದ್ದ ಜಾಗ ಈಗ ಅವಳ ಪಾದದ ಕೆಳಗಿತ್ತು. ಎದೆ ಢಂ ಢಂ ಎನ್ನುತ್ತಿತ್ತು. ಟೀಚರ್ ಮಸಿಯ ಚಿಪ್ಪನ್ನು ಎತ್ತಿಕೊಂಡರು. ಅವಳ ಮುಖ ನೋಡಿದರು. ಚಿಪ್ಪನ್ನು ಹಾಗೆಯೇ ಕೆಳಗಿಟ್ಟು, ಪ್ರೀತಿಯಿಂದ ಅವಳ ತಲೆ ಸವರಿದರು.

"ನಿನಗ ಇದರ ಜರೂರ ಇಲ್ಲ ಬಿಡು."

ಟೇಪ್ ಓಡಿತು. ಮೂಕಮ್ಮ ಬಗ್ಗಿದಳು, ಎದ್ದಳು, ಮತ್ತೆ ಬಗ್ಗಿದಳು. ಸ್ಟೆಪ್ ಒಂದೂ ತಪ್ಪಲಿಲ್ಲ. "ಗೋಪಮ್ಮ ಹಿಂದ ಉಳಿದಾಳ" ಎಂದು ವೆಂಕೋಬ ಕೂಗಿದ. ಅವಳು ನಿಂತಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಬಾಯಿ ತೆರೆಯಲಿಲ್ಲ.

ಟೀಚರ್ ಟೇಪ್ ನಿಲ್ಲಿಸಿದರು. ಮರೆತೆಯಾ ಎಂದು ಕೇಳಿದರು. ಮರೆತಿಲ್ಲ ಎಂದು ಅವಳು ತಲೆಯಾಡಿಸಿದಳು. ಸೀರೆ ಉಟ್ಟರೆ ತಾನೇ ಬರುತ್ತದೆ ಎಂದು ಟೀಚರ್ ಕಪಾಟಿನಿಂದ ಅವ್ವ ಕೊಟ್ಟಿದ್ದ ಹಸಿರು ಸೀರೆಯನ್ನು ತಂದು, ಮಡಿಕೆ ಬಿಚ್ಚಿ ಅವಳ ಮುಂದೆ ಹಿಡಿದರು.

"ಒಂದು ಸಲ ಆಕಳಿಸವ್ವ. ಅಷ್ಟ. ಎಲ್ಲಾರೂ ಹೆಂಗ ನಗ್ತಾರ ನೋಡು."

ಮೂಕಮ್ಮ ಸೀರೆಯನ್ನು ನೋಡಿದಳು. ಆಮೇಲೆ ಟೀಚರನ್ನು ನೋಡಿದಳು.

"ಒಲ್ಲೆ ಟೀಚರ್."

"ಯಾಕವ್ವ? ಫೋಟೋ ಬ್ಯಾಡೇನು?"

"ಒಲ್ಲೆ," ಎಂದಳು ಮೂಕಮ್ಮ.