ಫೆಬ್ರವರಿಯಲ್ಲಿ ಹಾಕಿದ ಸೇತುವೆ

ಫೆಬ್ರವರಿಯ ಕೊನೆಯ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಆಲ್ಡರ್ ಹಳ್ಳದ ರೆಡ್‌ವುಡ್ ಉದ್ಯಾನದ ಪೊಲೀಸ್ ಠಾಣೆಗೆ ಒಂದು ದೂರು ಬಂತು. ಅಂಥ ದೂರನ್ನು ಇನ್ಸ್‌ಪೆಕ್ಟರ್ ಡೋರೀನ್ ಸಿಲ್ವೇರಾ ತನ್ನ ಇಡೀ ನೌಕರಿಯಲ್ಲಿ ಕೇಳಿರಲಿಲ್ಲ.

"ಅಲ್ಲಿ ಸೇತುವೆ ಇದೆ ಮೇಡಂ!"

"ಇದ್ರೆ?"

"ಇರಬಾರದಿತ್ತು!"

ದೂರುದಾರ ಫ್ರೆಸ್ನೋದಿಂದ ಬಂದಿದ್ದ ಪ್ರೂಯಿಟ್ ಎಂಬ ಪ್ರವಾಸಿ. ಮಂಡಿಯವರೆಗೆ ಕೆಸರು, ಮುಖವೆಲ್ಲ ಕೆಂಪು. ಗೇಟಿನ ಬಳಿ 'ಚಳಿಗಾಲದಲ್ಲಿ ಕಾಲುಸೇತುವೆ ಇರುವುದಿಲ್ಲ, ಸುತ್ತುದಾರಿ ಹಿಡಿಯಿರಿ' ಎಂಬ ಫಲಕ ಓದಿ, ಹೇಳಿದ ಮಾತು ಕೇಳುವ ಮನುಷ್ಯನಂತೆ ಸುತ್ತುದಾರಿ ಹಿಡಿದಿದ್ದರು. ಎರಡು ಸಲ ಜಾರಿ ಬಿದ್ದಿದ್ದರು. ಕೊನೆಗೆ ಹಳ್ಳದ ದಡಕ್ಕೆ ಬಂದು ನೋಡಿದರೆ ಕಣ್ಣೆದುರೇ ಸೇತುವೆ, ಅದಕ್ಕೊಂದು ಬೋರ್ಡು: 'ಒಬ್ಬೊಬ್ಬರಾಗಿ ದಾಟಿ.'

"ನನ್ನ ಹೆಂಡತಿ ಕಾರಲ್ಲಿ ಕೂತಿದಾಳೆ. ಮಾತಾಡ್ತಿಲ್ಲ. ದೂರಿಗೆ ಮೊಹರು ಹಾಕಿದ ನಕಲು ಕೊಡೋ ತನಕ ನಾನು ಇಲ್ಲಿಂದ ಏಳಲ್ಲ."

ಡೋರೀನ್ ಹಣೆ ಒತ್ತಿಕೊಂಡಳು. ಆ ವಾರವೇ ಕಾರಿನೊಳಗೆ ಬೀಗದಕೈ ಬಿಟ್ಟು ಬಂದವರು ಮೂವರು, ಎಲ್ಕ್ ಜಿಂಕೆಯ ಜೊತೆ ಫೋಟೋ ತೆಗೆಯಲು ಹೋಗಿ ಶೌಚಾಲಯದ ಚಾವಣಿ ಹತ್ತಿ ಕೂತವನು ಒಬ್ಬ. ಈಗ ಇದು. ಅಕ್ಟೋಬರಿನಲ್ಲಿ ಸೇತುವೆ ಬಿಚ್ಚಿ ಶೆಡ್ಡಿಗೆ ಸೇರಿಸುತ್ತಾರೆ, ಮೇ ಕೊನೆಗೆ ಮತ್ತೆ ಹಾಕುತ್ತಾರೆ. ನಡುವೆ ಹಳ್ಳ ತನ್ನಿಷ್ಟದಂತೆ ಹರಿಯುತ್ತದೆ. ಇಷ್ಟು ಆ ಎಲ್ಕ್ ಜಿಂಕೆಗಳಿಗೂ ಗೊತ್ತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಉದ್ಯಾನದ ದುರಸ್ತಿ ವಿಭಾಗದ ಮುಖ್ಯಸ್ಥ ಹ್ಯಾಸ್ಕೆಲ್.

"ಮೇಡಂ, ಶೆಡ್ಡು ಖಾಲಿ! ಸೇತುವೆ ಕಳುವಾಗಿದೆ!"

"ಇಡೀ ಸೇತುವೆನಾ?"

"ತೊಲೆ, ಹಲಗೆ, ಬೋರ್ಡು ಸಮೇತ. ಪಕ್ಕದಲ್ಲೇ ಹೊಸ ಗರಗಸದ ಯಂತ್ರಗಳಿವೆ, ಮುಟ್ಟಿಲ್ಲ. ಬೀಗ ಒಡೆದಿಲ್ಲ. ಹೋಗುವಾಗ ನೆಲ ಗುಡಿಸಿ ಹೋಗಿದಾನೆ!"

"ಸಿಕ್ಕಿತು ಬಿಡಿ. ಅದು ಇರಬೇಕಾದ ಜಾಗದಲ್ಲೇ ಇದೆ."

ಹ್ಯಾಸ್ಕೆಲ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿರುಚಿದ. ರಾತ್ರಿ ದೊಡ್ಡ ಮಳೆಯ ಮುನ್ಸೂಚನೆ ಇತ್ತು. ಹಳ್ಳ ಉಕ್ಕಿದರೆ ಸೇತುವೆ ಕಿತ್ತುಕೊಂಡು ಹೋಗಿ ಹೆದ್ದಾರಿಯ ಮೋರಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಸಂಜೆಯೊಳಗೆ ಬಿಚ್ಚಲೇಬೇಕು, ಆದರೆ ಬಿಚ್ಚುವ ಕೂಲಿಯವರಿಗೆಲ್ಲ ಏಪ್ರಿಲ್‌ವರೆಗೆ ಕೆಲಸವಿಲ್ಲ, ಅವರ್ಯಾರೂ ಊರಲ್ಲಿಲ್ಲ.

ಎಫ್‌ಐಆರ್ ದಾಖಲಾಯಿತು. ಕಳ್ಳ: ಅಪರಿಚಿತ. ಡೋರೀನ್ ಕಾನ್‌ಸ್ಟೆಬಲ್ ಓಟಿಸ್‌ನನ್ನು ಕರೆದುಕೊಂಡು ಸ್ಥಳ ಮಹಜರಿಗೆ ಹೊರಟಳು. ಓಟಿಸ್ ಅರ್ಧ ತಿಂದ ಡೋನಟ್ಟನ್ನು ಜೇಬಿಗೆ ಹಾಕಿಕೊಂಡ.

ಕಾಡಿನಲ್ಲಿ ಮಂಜು ಇಳಿದಿತ್ತು. ಮರಗಳ ಬುಡ ಮಾತ್ರ ಕಾಣುತ್ತಿತ್ತು, ಮೇಲಿನಿಂದ ಹನಿ ಬೀಳುತ್ತಲೇ ಇತ್ತು. ಹಳ್ಳದ ಮೇಲೆ ಸೇತುವೆ ನೆಟ್ಟಗೆ ನಿಂತಿತ್ತು. ಓಟಿಸ್ ನಡುವೆ ಹೋಗಿ ಎರಡು ಸಲ ಕುಪ್ಪಳಿಸಿದ.

"ಹ್ಯಾಸ್ಕೆಲ್ ಹಾಕೋದಕ್ಕಿಂತ ಗಟ್ಟಿ ಇದೆ ಮೇಡಂ."

"ಸಾಕ್ಷ್ಯದ ಮೇಲೆ ಕುಣೀಬೇಡ ಮಹಾರಾಯ."

ಮಹಜರಿನಲ್ಲಿ ದಾಖಲಾದದ್ದು: ಎರಡೂ ತುದಿಗೆ ಇಳಿಜಾರಾಗಿ ಜೋಡಿಸಿದ ಹಲಗೆ, ಇದು ಯಾವ ವರ್ಷವೂ ಇದ್ದದ್ದಲ್ಲ. ಜಾರದಂತೆ ಉದ್ದಕ್ಕೂ ಹೊಡೆದ ಕೋಳಿಗೂಡಿನ ತಂತಿಬಲೆ. ಮಾಮೂಲಿ ಕೈಹಿಡಿಯ ಕೆಳಗೆ ಇನ್ನೊಂದು ಹೊಸ ಕೈಹಿಡಿ, ಸಿಬಿರು ಚುಚ್ಚದಂತೆ ಮರಳು ಕಾಗದದಲ್ಲಿ ಉಜ್ಜಿದ್ದು.

"ಮಕ್ಕಳಿಗೆ ಇರಬೇಕು," ಎಂದ ಓಟಿಸ್.

ಡೋರೀನ್ ಕುಕ್ಕರಗಾಲಿನಲ್ಲಿ ಕೂತು ಕೈ ಚಾಚಿದಳು. ಮರ ಅಂಗೈಗೆ ಸರಿಯಾಗಿ ಸಿಕ್ಕಿತು. "ಮಕ್ಕಳಿಗಲ್ಲ. ಕೂತವರ ಕೈಗೆ. ಗಾಲಿಕುರ್ಚಿ."

ಆಮೇಲೆ ಅವಳು ಆಚೆ ತುದಿಯ ಕಂಬದ ಹತ್ತಿರ ಹೋದಳು. ಸೇತುವೆ ಹಾಕಿದ ದಿನ ತಂಡದ ಮೇಸ್ತ್ರಿ ಮೊದಲು ಒಬ್ಬನೇ ದಾಟಿ, ಆ ಕಂಬದ ಮೇಲೆ ವರ್ಷ ಕೆತ್ತುವುದು ಇಲ್ಲಿನ ರೂಢಿ. ಒಂದೇ ಕೈಯ ಕೆತ್ತನೆ ಸಾಲಾಗಿ ಕೆಳಗಿಳಿದಿತ್ತು. ಕೊನೆಯ ಎರಡು ವರ್ಷ ಮಾತ್ರ ಹ್ಯಾಸ್ಕೆಲ್ ಮಾರ್ಕರಿನಲ್ಲಿ ಗೀಚಿದ್ದು, ಆಗಲೇ ಮಾಸಿತ್ತು. ಅದರ ಕೆಳಗೆ ಈ ವರ್ಷದ ಅಂಕಿ. ಚಾಕುವಿನದು, ಹಸಿ ಹಸಿ, ಅದೇ ಹಳೆಯ ಕೈ.

"ಅಯ್ಯೋ ದೇವರೇ," ಎಂದಳು ಡೋರೀನ್. "ಕಳ್ಳತನ ಮಾಡಿ ಸಹಿ ಬೇರೆ ಹಾಕಿದಾನಲ್ಲ!"

ಮೂವತ್ತು ವರ್ಷ ಮೇಸ್ತ್ರಿಯಾಗಿದ್ದ ಡೆಲ್ ಆಸ್ಟ್ರಮ್ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಅವನು ದಿನಾ ಅಂಗಡಿಬೀದಿಯಲ್ಲಿ ಯಾರ ಗಾಲಿಕುರ್ಚಿ ದಬ್ಬುತ್ತಾನೆಂದು ಊರಿಗೆಲ್ಲ ಗೊತ್ತು.

ಡೆಲ್‌ನ ಮನೆಗೆ ಹೋದಾಗ ಆ ಗಾಲಿಕುರ್ಚಿಯವಳು ಜಗಲಿಯಲ್ಲೇ ಕೂತಿದ್ದಳು. ಅವನ ಅತ್ತೆ ವೆಲ್ಮಾ ಟ್ರಾಸ್ಕ್, ತೊಂಬತ್ತರ ಹತ್ತಿರದ ಮುದುಕಿ. ತಲೆಗೆ ಉಣ್ಣೆ ಟೋಪಿ, ತೊಡೆಯ ಮೇಲೆ ಮಳೆಯಂಗಿ, ಬಾಯಿ ಮಾತ್ರ ಇಪ್ಪತ್ತರದು.

"ಬಾ ಡೋರೀನ್, ನೋಡು ನಮ್ಮ ಅಳಿಯನ ಚಂದ. ಬೆಳಗಿನಿಂದ ಹೊರಟೆವು ಹೊರಟೆವು ಅಂತಾನೆ. ಇನ್ನೂ ಬ್ರೆಡ್ಡಿಗೆ ಬೆಣ್ಣೆ ಸವರ್ತಾ ಕೂತಿದಾನೆ."

"ಎಲ್ಲಿಗೆ ಹೊರಟಿದ್ದು?"

"ನನಗೇನು ಗೊತ್ತು? ಹೇಳಲ್ಲ. ಈ ಮುಖಕ್ಕೆ ಗುಟ್ಟು ಬೇರೆ."

ಡೋರೀನ್ ಓಟಿಸ್‌ನ ಜೊತೆ ಅಡುಗೆಮನೆಗೆ ಹೋದಳು. ಡೆಲ್ ತಲೆಯೆತ್ತಿ ಅವಳ ಸಮವಸ್ತ್ರ ನೋಡಿ, ಬೆಣ್ಣೆಯ ಚಾಕು ಕೆಳಗಿಟ್ಟ.

"ಸೇತುವೆ ಯಾರು ಹಾಕಿದ್ದು?"

"ನಾನು."

"ಒಬ್ಬರೇನಾ?"

"ನಾನು, ಹಗ್ಗ, ರಾಟೆ. ಮೂರು ದಿನ ಹಿಡೀತು."

"ಬೀಗ?"

"ಕೀಲಿ ಕಿಟಕಿ ಮೇಲಿನ ಬಕೆಟ್ಟಲ್ಲೇ ಇತ್ತು. ನಾನೇ ಇಟ್ಟಿದ್ದು. ಜಾಗ ಬದಲಾಯಿಸೋಕೆ ಹೇಳು ಹ್ಯಾಸ್ಕೆಲ್‌ಗೆ."

"ರಾತ್ರಿ ಮಳೆ ಇದೆ, ಗೊತ್ತಾ?"

"ಗೊತ್ತು. ಸಂಜೆಯೊಳಗೆ ಬಿಚ್ಚಿ ಒಳಗಿಡ್ತಿದ್ದೆ. ಯಾರಿಗೂ ಗೊತ್ತಾಗ್ತಿರಲಿಲ್ಲ."

"ಬೋರ್ಡು ತೂಗುಹಾಕಿ, ವರ್ಷ ಕೆತ್ತಿ, ಯಾರಿಗೂ ಗೊತ್ತಾಗಲ್ಲ!"

ಡೆಲ್‌ಗೆ ನಿಜಕ್ಕೂ ಆಶ್ಚರ್ಯವಾಯಿತು. "ಬೋರ್ಡಿಲ್ಲದೆ ಸೇತುವೆ ಬಿಟ್ಟು ಬರೋದು ಹೇಗೆ ಡೋರೀನ್? ಯಾರಾದ್ರೂ ಬಿದ್ದರೆ?"

ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. "ಯಾಕೆ ಮಾಡಿದಿರಿ? ಅಷ್ಟು ಹೇಳಿ."

ಅವನು ದನಿ ತಗ್ಗಿಸಿದ. "ಟ್ರಿಲಿಯಂ ಬಿಟ್ಟಿದೆ ಆಚೆ ದಡದಲ್ಲಿ. ಮೂರೆಸಳಿನ ಬಿಳಿ ಹೂ. ನನ್ನ ಹೆಂಡತಿ ಕೋರಾ ಚಿಕ್ಕವಳಿದ್ದಾಗ ಪ್ರತಿ ಫೆಬ್ರವರಿ ಅತ್ತೆ ಅವಳನ್ನ ಬೆನ್ನಿಗೆ ಹಾಕ್ಕೊಂಡು, ಸೊಂಟದ ತನಕ ನೀರಲ್ಲಿ ಹಳ್ಳ ದಾಟ್ತಿದ್ದಳಂತೆ, ಅದನ್ನ ತೋರಿಸೋಕೆ. ನಾನು ಸೇತುವೆ ಹಾಕ್ತಿದ್ದಿದ್ದು ಮೇ ತಿಂಗಳಲ್ಲಿ. ಮೂವತ್ತು ವರ್ಷವೂ ಅತ್ತೆಯದು ಒಂದೇ ಮಾತು: ನಿನ್ನ ಸೇತುವೆ ಬರೋ ಹೊತ್ತಿಗೆ ನನ್ನ ಹೂವು ಗೊಬ್ಬರ."

ಕೋರಾ ಹಿಂದಿನ ವರ್ಷದ ಶರತ್ಕಾಲದಲ್ಲಿ ತೀರಿಕೊಂಡಿದ್ದಳು. ಡೋರೀನ್ ಮಣ್ಣಿಗೆ ಹೋಗಿದ್ದಳು.

"ನಾಡಿದ್ದು ಭಾವಮೈದ ಬರ್ತಾನೆ, ಅತ್ತೆಯನ್ನ ರೀನೋಗೆ ಕರ್ಕೊಂಡು ಹೋಗ್ತಾನೆ. ಅಲ್ಲಿರೋದು ಮರಳುಗಾಡು. ಇನ್ನು ವಾಪಸ್ ಬರೋದುಂಟಾ?"

ಆ ಹೊತ್ತಿಗೇ ವೈರ್‌ಲೆಸ್ಸಿನಲ್ಲಿ ಹ್ಯಾಸ್ಕೆಲ್ ಗದರಿದ: "ಮೇಡಂ, ತನಿಖೆಗೆ ಸಂಬಂಧ ಇಲ್ಲದವರು ಯಾರೂ ಅದರ ಮೇಲೆ ಕಾಲಿಡಕೂಡದು! ಕೇಳಿಸ್ತಾ?"

"ಕೇಳಿಸ್ತು," ಎಂದಳು ಡೋರೀನ್.

ಕಿಟಕಿಯಾಚೆ ಉಣ್ಣೆಯ ಟೋಪಿ ಅಲುಗುತ್ತಿತ್ತು. ಅವಳು ಅದನ್ನು ನೋಡಿದಳು. ಆಮೇಲೆ ಕೈಕೋಳ ತೆಗೆದಳು. "ಡೆಲ್ ಆಸ್ಟ್ರಮ್, ಸರ್ಕಾರಿ ಸ್ವತ್ತಿನ ಕಳವಿಗಾಗಿ ನಿಮ್ಮನ್ನ ಬಂಧಿಸಿದೀನಿ. ಓಟಿಸ್, ಸಮಯ ಬರ್ಕೋ. ಇನ್ನು ಕಳವಿನ ಮಾಲನ್ನ ಆರೋಪಿಯೇ ತೋರಿಸಬೇಕು. ಎರಡೂ ತುದಿ. ಪಂಚರು ಇಬ್ಬರು ಬೇಕು, ಆಚೆ ದಡದ ತನಕ ಹೋಗಿ ಕಣ್ಣಾರೆ ನೋಡಿದವರು."

"ಪಂಚರು ಯಾರು ಮೇಡಂ?"

"ಒಬ್ಬರು ಟೋಪಿ ಹಾಕ್ಕೊಂಡು ರೆಡಿಯಾಗಿ ಕೂತಿದಾರೆ. ಇನ್ನೊಬ್ಬರು ಠಾಣೆಯಿಂದ ಏಳಲ್ಲ ಅಂತ ಹಟ ಹಿಡಿದಿದಾರೆ. ಎಬ್ಬಿಸ್ಕೊಂಡು ಬಾ."

ಹೀಗೆ ಪ್ರೂಯಿಟ್ ಅದೇ ದಿನ ಎರಡನೇ ಸಲ ಅದೇ ಕೆಸರಿಗೆ ಇಳಿದರು. ಆರೋಪಿಯ ಕೈಗೆ ಕೋಳವಿದ್ದುದರಿಂದ ಗಾಲಿಕುರ್ಚಿ ದಬ್ಬುವ ಕೆಲಸವೂ ಅವರ ಪಾಲಿಗೇ ಬಂತು.

"ಕಲ್ಲಿನ ಮೇಲೇ ಹತ್ತಿಸ್ತೀಯಲ್ಲಪ್ಪ! ಕಾರೂ ಹೀಗೇ ಓಡಿಸ್ತೀಯಾ?" ಎಂದಳು ವೆಲ್ಮಾ.

"ನನ್ನ ಹೆಂಡತಿಯೂ ಇದನ್ನೇ ಕೇಳ್ತಾಳಮ್ಮ," ಎಂದರು ಪ್ರೂಯಿಟ್ ಏದುಸಿರು ಬಿಡುತ್ತ.

ತಿರುವು ಕಳೆದು ಸೇತುವೆ ಕಂಡಾಗ ಮುದುಕಿಯ ಬಾಯಿ ನಿಂತಿತು. ಅಳಿಯನ ಕಡೆ ನೋಡಿದಳು. ಅವನು ಬೋರ್ಡಿನ ಕಡೆ ನೋಡಿದ.

ಪ್ರೂಯಿಟ್ ಕುರ್ಚಿ ದಬ್ಬಲು ಹೋದರೆ ಡೆಲ್ ತಡೆದ. "ಒಬ್ಬೊಬ್ಬರಾಗಿ."

"ಕೋಳ ಹಾಕಿಸ್ಕೊಂಡು ನಿಯಮ ಹೇಳ್ತಾನೆ!" ಎಂದ ಓಟಿಸ್. ಆದರೆ ವೆಲ್ಮಾ ಆಗಲೇ ಕೆಳಗಿನ ಕೈಹಿಡಿ ಹಿಡಿದಿದ್ದಳು. ನುಣುಪಾದ ಮರದ ಮೇಲೆ ಒಂದೊಂದೇ ಕೈ ಮುಂದಿಡುತ್ತ, ತನ್ನ ಕುರ್ಚಿಯನ್ನು ತಾನೇ ಎಳೆದುಕೊಂಡು ಹೊರಟಳು. ಕೆಳಗೆ ಮಣ್ಣುಬಣ್ಣದ ನೀರು ಮೊರೆಯುತ್ತಿತ್ತು. ಗಾಲಿ ಆಚೆಯ ಇಳಿಜಾರು ಹಲಗೆಗೆ ಇಳಿದಾಗ ಡೆಲ್ ಭುಜ ಸಡಿಲಿಸಿದ.

ಆಚೆ ದಡದ ದೊಡ್ಡ ಮರದ ಬುಡದಲ್ಲಿ, ಜರಿಗಿಡಗಳ ನಡುವೆ, ಬಿಳಿ ಹೂವು ಹಾಸಿಕೊಂಡಿತ್ತು. ವೆಲ್ಮಾ ಬೆನ್ನು ಬಾಗಿಸಿ ಒಂದನ್ನು ಬೆರಳಿನಿಂದ ಮುಟ್ಟಿದಳು. ಕೀಳಲಿಲ್ಲ.

ಒಬ್ಬೊಬ್ಬರಾಗಿ ಎಲ್ಲರೂ ದಾಟಿ ಬಂದರು. "ಹೇಗಿದೆ ವೆಲ್ಮಾ?" ಎಂದ ಡೆಲ್.

"ಸುಮ್ಮನಿರು. ಕೋರಾ ಜೊತೆ ಇದೀನಿ."

ನಾಲ್ಕು ಗಂಟೆಗೆ ಆರೋಪಿಯ ಕೋಳ ಬಿಚ್ಚಲಾಯಿತು, ಏಕೆಂದರೆ ಸೇತುವೆ ಬಿಚ್ಚಲು ಬರುತ್ತಿದ್ದವನು ಅವನೊಬ್ಬನೇ. ಹ್ಯಾಸ್ಕೆಲ್ ಬಯ್ಯುತ್ತಲೇ ಬಂದು, ಬಯ್ಯುತ್ತಲೇ ಹಲಗೆ ಹೊತ್ತ. ಕೊನೆಯ ತೊಲೆ ದಡಕ್ಕೆ ಬಿದ್ದಾಗ ಮಳೆ ಶುರುವಾಗಿತ್ತು. ಡೆಲ್‌ನನ್ನು ಠಾಣೆಗೆ ಕರೆತಂದು, ಬೆರಳಚ್ಚು ತೆಗೆದು, ಕೋರ್ಟಿಗೆ ಹಾಜರಾಗುವ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು.

ಡೋರೀನ್ ವರದಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ 'ಹೂವು ತೋರಿಸಲು' ಎಂದು ಬರೆದಳು.

"ಇಷ್ಟೇನಾ ಮೇಡಂ?" ಎಂದ ಓಟಿಸ್, ಜೇಬಿನ ಡೋನಟ್ಟು ಹೊರತೆಗೆಯುತ್ತ.

"ಇಷ್ಟೇ. ಪಂಚರ ಸಹಿ ಎಲ್ಲಿ?"

ಅವನು ಒದ್ದೆಯಾದ ಹಾಳೆ ಮುಂದೆ ಸರಿಸಿದ. ಪ್ರೂಯಿಟ್ ಸಹಿ ಮಾತ್ರ ಮಾಡಿದ್ದರು. ವೆಲ್ಮಾ ಟ್ರಾಸ್ಕ್ ತನ್ನ ಸಹಿಯ ಮೇಲೆ, ಯಾರೂ ಕೇಳದಿದ್ದರೂ, ನಡುಗುವ ಅಕ್ಷರಗಳಲ್ಲಿ ಒಂದು ಸಾಲು ಸೇರಿಸಿದ್ದಳು:

'ಸೇತುವೆ ಹೊತ್ತಿಗೆ ಸರಿಯಾಗಿ ಬಂದಿತ್ತು.'