ಕುಂಕುಮದ ಮೇಲಿನ ಬೆಸುಗೆ

"ಸ್ವಾಮಿ, ನಾನು ಪೂಜೆ ಮಾಡಿದ್ದೇ ತಪ್ಪಾ?" ಎನ್ನುತ್ತ ಕೆಂಪಯ್ಯ ಕೃಷ್ಣಮೂರ್ತಿಪುರಂನ ಪತ್ತೇದಾರ ಷಡಕ್ಷರಿಯವರ ಮನೆ ಜಗಲಿಯ ಮೇಲೆ ಕುಸಿದಾಗ, ಅವರು ಕಾಫಿ ಲೋಟವನ್ನು ಅವನ ಕಡೆ ಸರಿಸಿದರು. ಅದು ಪಕ್ಕದಲ್ಲಿದ್ದ ಗೆಳೆಯ ಸುಂದರೇಶನ ಕಾಫಿ.

ಕೆಂಪಯ್ಯ ಯಾದವಗಿರಿಯ ಪುಟ್ಟ ಪ್ರಯೋಗಾಲಯವೊಂದರ ಉಗ್ರಾಣ ನೋಡಿಕೊಳ್ಳುತ್ತಿದ್ದ. ಅಲ್ಲಿ ಹೇಮಶ್ರೀ, ಅವಳ ಕಾಲೇಜು ಗೆಳೆಯ ಸಂಜಯ್ ಸೇರಿ ಆಪರೇಷನ್ ಹೊಲಿಗೆಗೆ ಹೊಸ ಪಾಲಿಮರ್ ದಾರ ಮಾಡಿದ್ದರು. ಗಾಯ ಕೂಡುವತನಕ ಬಿಗಿಹಿಡಿದು, ಆಮೇಲೆ ಮೈಯೊಳಗೇ ಕರಗಿಹೋಗುವ ದಾರ. ತೇವ ಅದರ ಶತ್ರು. ಅದಕ್ಕೇ ಫಾಯಿಲ್ ಚೀಲದಲ್ಲಿಟ್ಟು ಬಾಯಿಯನ್ನು ಬಿಸಿಯಿಂದ ಬೆಸೆಯುತ್ತಿದ್ದರು. ನಿನ್ನೆ ಡಾಕ್ಟರುಗಳೆದುರು ಹೇಮಶ್ರೀ ಗಂಟು ಬಿಗಿದಿದ್ದೇ ತಡ, ದಾರ ಒಣ ಶಾವಿಗೆಯಂತೆ ಮುರಿದಿತ್ತು.

"ಆಯುಧಪೂಜೇಲಿ ಚೀಲಗಳಿಗೆಲ್ಲ ತೀರ್ಥ ಚಿಮುಕ್ಸಿ, ಬಾಯಿಗೆ ಕುಂಕುಮದ ಬೊಟ್ಟಿಟ್ಟೆ, ದಿಟ. ಅದ್ರಿಂದ್ಲೇ ಕೆಟ್ಟೋಯ್ತು ಅಂದ್ರು ಸಂಜಯಪ್ಪ. ಹೇಮವ್ವ ನನ್ ಮುಖಾನೂ ನೋಡ್ದೆ, ಬೀಗದಕೈ ಇಟ್ಟು ಹೋಗು ಅಂದ್ಬುಟ್ರು."

"ಪೂಜೆ ಆದಮೇಲೆ ಬೀಗದಕೈ ಯಾರ ಹತ್ರ ಇತ್ತು?" ಎಂದರು ಷಡಕ್ಷರಿ.

"ಸಂಜಯಪ್ಪಂಗೇ ಕೊಟ್ಟು ಮೊಮ್ಮಗನ ನಾಮಕರಣಕ್ಕೆ ಊರಿಗೋಗಿದ್ದೆ. ನಿನ್ನೆ ಡಾಕ್ಟ್ರು ಕೂತಮೇಲೇ ಬಂದಿದ್ದು. ಅಷ್ಟೊತ್ತಿಗೆ ಸಂಜಯಪ್ಪನೇ ಚೀಲದ ರಾಶಿ ತಳಕ್ಕೆ ಕೈ ಹಾಕಿ ಒಂದು ಚೀಲ ಎತ್ಕೊತಿದ್ರು."

ಸಂಜೆ ಎಲ್ಲರೂ ಪ್ರಯೋಗಾಲಯದಲ್ಲಿ ಸೇರಿದರು. ಷಡಕ್ಷರಿ ಉಳಿದ ಚೀಲಗಳನ್ನು ಒಂದೊಂದಾಗಿ ಒಡೆಸಿದರು. ದಾರ ಜಗ್ಗಿ ಜಗ್ಗಿ ಸುಂದರೇಶನ ಬೆರಳು ಕೆಂಪಾಯಿತೇ ಹೊರತು ಒಂದೂ ಹರಿಯಲಿಲ್ಲ.

"ತೀರ್ಥ ಎಲ್ಲಕ್ಕೂ ಬಿದ್ದಿತ್ತು, ಕೆಟ್ಟಿದ್ದು ಒಂದೇ," ಎಂದರು ಷಡಕ್ಷರಿ. "ಅದನ್ನು ನಿನ್ನೆ ಪಕ್ಕದಿಂದ ಹರಿದಿದ್ದೀರಿ, ಬಾಯಿ ಹಾಗೇ ಉಳಿದಿದೆ. ನೋಡಿ, ಈ ಚೀಲ ಮಿಕ್ಕವಕ್ಕಿಂತ ಒಂದು ಬೆರಳು ಗಿಡ್ಡ. ಬೇರೆಯವುಗಳ ಕುಂಕುಮ ಉಜ್ಜಿದರೆ ಕೈಗೆ ಬರುತ್ತದೆ; ಇದರಲ್ಲಿ ಅರ್ಧ ಬೊಟ್ಟು ಮಾತ್ರ ಇದೆ, ಅದೂ ಬೆಸುಗೆಯ ಕೆಳಗೆ ಸುಟ್ಟು ಕಪ್ಪಾಗಿದೆ. ಅಂದರೆ ಪೂಜೆಯಾದ ಮೇಲೆ ಯಾರೋ ಬಾಯಿ ಕತ್ತರಿಸಿ, ದಾರಕ್ಕೆ ಹಬೆ ಕೊಟ್ಟು, ಮತ್ತೆ ಬೆಸೆದಿದ್ದಾರೆ. ಆಗ ಕೆಂಪಯ್ಯ ಊರಲ್ಲಿದ್ದ. ಬೀಗದಕೈ ನಿಮ್ಮಲ್ಲಿತ್ತು ಸಂಜಯ್. ಅಡಿಯಲ್ಲಿದ್ದ ಅದೇ ಚೀಲ ಹುಡುಕಿ ತೆಗೆದವರೂ ನೀವೇ."

ಸಂಜಯ್ ಆ ಚೀಲವನ್ನು ಪಕ್ಕಕ್ಕೆ ತಳ್ಳಿದ. "ಎಲ್ಲರ ಬಾಯಲ್ಲೂ ಹೇಮಶ್ರೀ ದಾರ, ಹೇಮಶ್ರೀ ದಾರ! ಮತ್ತೆ ನಾನೇನು, ಸೂಜೀನಾ?"

"ನನ್ನ ಹೆಸರೂ ಸೇರಿಸು ಅಂತ ಕೇಳಬಹುದಿತ್ತಲ್ಲೋ," ಎಂದಳು ಹೇಮಶ್ರೀ. ಅವನು ಹೊರನಡೆದ.

ಅವಳು ಬೀಗದಕೈ ಗೊಂಚಲನ್ನು ಕೆಂಪಯ್ಯನ ಮುಂದೆ ಹಿಡಿದಳು. "ತಪ್ಪಾಯ್ತು ಕೆಂಪಯ್ಯ. ಇಷ್ಟು ವರ್ಷ ಜೊತೇಲಿದ್ದು ಅವನು ಹೀಗೆ ಮಾಡ್ತಾನೆ ಅಂತ..."

ಕೆಂಪಯ್ಯ ಕೈ ಚಾಚಲಿಲ್ಲ. "ನಾನೂ ಅಷ್ಟೇ ವರ್ಷ ಜೊತೇಲಿದ್ದೆ ಕಣವ್ವ. ಅವ್ರು ನಿಮ್ಗೆ ಮಾಡಿದ್ನ ನೀವು ನನಗೆ ಮಾಡ್ಬುಟ್ರಲ್ಲ."