ವೇತಾ ಅಜ್ಜಿಯ ಹೆಸರಿನ ಊಟ

"ಏನಮ್ಮಾ, ನಿಮ್ಮ ಮೊಲ ಬದನೆಕಾಯಿನೂ ತಿನ್ನುತ್ತಾ?"

ತರಕಾರಿ ಅಂಗಡಿಯ ದಾಮಿಯಾನ್ ಕೇಳಿದ್ದು ಜೋರಾಗಿಯೇ. ಹಿಂದೆ ನಿಂತಿದ್ದ ನಾಲ್ಕೈದು ಜನ ಕಿಸಕ್ಕನೆ ನಕ್ಕರು.

ಮಿರುನಾಳ ಕೈ ಹಾಗೇ ನಿಂತಿತು. ಕೈಯಲ್ಲಿ ಒಂದು ಪಕ್ಕ ಕೊಳೆತ ಬದನೆಕಾಯಿ. ಚೀಲದಲ್ಲಿ ಆಗಲೇ ಹೂಕೋಸಿನ ಎಲೆ, ಬೀಟ್‌ರೂಟ್ ಸೊಪ್ಪು, ಜಜ್ಜಿಹೋದ ಎರಡು ಟೊಮೆಟೊ... ಪ್ರತಿ ಶನಿವಾರ ಮಧ್ಯಾಹ್ನ ಸಂತೆ ಮುಗಿಯುವ ಹೊತ್ತಿಗೆ ಬಂದು, ಎಸೆಯುವ ಬುಟ್ಟಿಗೆ ಕೈಹಾಕಿ, 'ಮನೆಯಲ್ಲಿ ಮೊಲ ಇದೆ, ಅದಕ್ಕೆ' ಎಂದು ಆರು ವಾರಗಳಿಂದ ಹೇಳಿಕೊಂಡು ಬಂದಿದ್ದಳು.

"ತಿನ್ನುತ್ತೆ," ಅಂದಳು. "ನಿಮ್ಮಷ್ಟು ಬಾಯಿ ಇಲ್ಲ ಅದಕ್ಕೆ, ಪಾಪ!"

ಈಗ ಜನ ಅವನನ್ನು ನೋಡಿ ನಕ್ಕರು. ಮಿರುನಾ ತಲೆಯೆತ್ತಿಕೊಂಡೇ ಹೊರಟಳು. ಆದರೆ ತಿರುಗುವಾಗ ಅವಳ ಕಣ್ಣು ತುಂಬಿದ್ದನ್ನು ದಾಮಿಯಾನ್ ನೋಡಿಬಿಟ್ಟಿದ್ದ. ಯಾವ ಮೊಲವೂ ಇಲ್ಲ ಎಂದು ಅವನಿಗೆ ಆಗ ಹೊಳೆಯಿತು. ಹೊಳೆದ ಮೇಲೆ ಅವನ ಕಿವಿ ಕೆಂಪಾಯಿತು.

ಕ್ರಾಯೊವಾ ಊರಿನ ಶರ್ಟು ಹೊಲಿಯುವ ಫ್ಯಾಕ್ಟರಿಯಲ್ಲಿ ಮಿರುನಾಳಿಗೆ ಕೆಲಸ. ಚಳಿಗಾಲ ಮುಗಿದಾಗಿನಿಂದ ವಾರಕ್ಕೆ ಮೂರೇ ದಿನ ಕರೆಯುತ್ತಿದ್ದರು. ಐದನೇ ಮಹಡಿಯ ಕೋಣೆಯ ಬಾಡಿಗೆ ಕಟ್ಟಿದರೆ ವಾರದ ಊಟಕ್ಕೆ ಉಳಿಯುತ್ತಿದ್ದ ಹಣ ಐವತ್ತೇ ಲೆಯಿ. ಅದರಲ್ಲೇ ಬದುಕಬೇಕು, ಯಾರ ಮುಂದೆಯೂ ಕೈಯೊಡ್ಡಬಾರದು... ಇದು ಅವಳು ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು. ಆ ಒಂದು ಹೆಮ್ಮೆ ಬಿಟ್ಟರೆ ಅವಳ ಹತ್ತಿರ ಇನ್ನೇನೂ ಉಳಿದಿರಲಿಲ್ಲ ನೋಡಿ.

ಸೋಮವಾರ ಒಂದು ಪಾತ್ರೆ ಬಿಳಿ ಬೀನ್ಸ್ ಕಾಳು ಬೇಯಿಸುವಳು. ಮೊದಲ ದಿನ ಅದು ಸಾರು. ಮರುದಿನ ಅದೇ ಸಾರಿಗೆ ಸೊಪ್ಪು. ಬುಧವಾರ ಕಾಳನ್ನು ನುಣ್ಣಗೆ ಕಿವುಚಿ, ಮೇಲೆ ಕೆಂಪಗೆ ಹುರಿದ ಈರುಳ್ಳಿ. ಅಲ್ಲಿಂದಾಚೆ ಮೆಕ್ಕೆಜೋಳದ ಮುದ್ದೆ, ಬೆಳ್ಳುಳ್ಳಿ ಅರೆದ ನೀರು. ಶುಕ್ರವಾರ ಸಂಜೆ ಹೊಟ್ಟೆ ಚುರುಗುಟ್ಟುವಾಗ ಬೇಗ ಮಲಗಿಬಿಡುವಳು.

ಮುಂದಿನ ಶನಿವಾರ ಆ ಅಂಗಡಿಯ ಕಡೆ ತಿರುಗಿಯೂ ನೋಡಬಾರದು ಅಂದುಕೊಂಡಿದ್ದಳು. ದಾಮಿಯಾನ್ ತಾನೇ ಎದ್ದುಬಂದು ದಾರಿಗೆ ಅಡ್ಡ ನಿಂತ. ಕೈಯಲ್ಲಿ ಒಂದು ಮಣ್ಣಿನ ಬಟ್ಟಲು. ಮೇಲೆ ಬಿಳಿ ಬಟ್ಟೆ, ಪಕ್ಕದಲ್ಲಿ ಉರಿಯುವ ಸಣ್ಣ ಮೇಣದಬತ್ತಿ.

"ನಮ್ಮಜ್ಜಿ ಹೆಸರಲ್ಲಿ," ಅಂದ ತಗ್ಗಿದ ದನಿಯಲ್ಲಿ. "ವೇತಾ ಅಂತ. ತಗೊಳ್ಳಿ."

ಮಿರುನಾ ಬೆಪ್ಪಾದಳು. ಸತ್ತವರ ಹೆಸರಲ್ಲಿ ಕೊಟ್ಟ ಊಟ! ಪೊಮಾನಾ! ಅದನ್ನು ಬೇಡ ಎನ್ನುವವರುಂಟೆ? ಬೇಡವೆಂದರೆ ಆಚೆ ಲೋಕದಲ್ಲಿ ಆ ಜೀವ ಹಸಿದುಕೊಂಡಿರುತ್ತದೆ. ಅದಕ್ಕೆ ಥ್ಯಾಂಕ್ಸ್ ಕೂಡ ಹೇಳುವ ಹಾಗಿಲ್ಲ.

"ದೇವರು ಅವರನ್ನ ಕ್ಷಮಿಸ್ಲಿ," ಎಂದು ಹೇಳಬೇಕಾದ್ದನ್ನು ಹೇಳಿ ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಬಟ್ಟಲೂ ನಿಮ್ದೇ. ವಾಪಸ್ ತರ್ಬಾರ್ದು."

"ಗೊತ್ತು... ನಮ್ಮನೇಲೂ ಹಾಗೇ."

ಕೋಣೆಗೆ ಬಂದು ಬಟ್ಟೆ ತೆಗೆದರೆ, ಹುಳಿ ಕೋಸಿನ ಎಲೆಯಲ್ಲಿ ಅಕ್ಕಿ, ಮಾಂಸ ಸುತ್ತಿ ಬೇಯಿಸಿದ ಆರು ಸರ್ಮಾಲೆ! ಮೊದಲನೆಯದನ್ನು ಬಾಯಿಗಿಟ್ಟುಕೊಂಡವಳು ಅಳತೊಡಗಿದಳು. ಯಾಕೆ ಅಳು ಎಂದು ಕೇಳಬೇಡಿ. ಬಹಳ ದಿನ ಅಳೆದು ಅಳೆದು ಉಂಡವರಿಗೆ ಮಾತ್ರ ಅದು ಗೊತ್ತು.

ಆಮೇಲೆ ಪ್ರತಿ ಶನಿವಾರ ವೇತಾ ಅಜ್ಜಿಯ ಹೆಸರಲ್ಲಿ ಒಂದು ಬಟ್ಟಲು. ಜೊತೆಗೆ ನಾಲ್ಕು ಮಾತು.

"ಹೇಗಿದ್ರು ನಿಮ್ಮಜ್ಜಿ?"

"ಬಾಯಿ ಜೋರು. ಸುಳ್ಳು ಹೇಳಿದ್ರೆ ಸೌಟಲ್ಲೇ ಹೊಡೀತಿದ್ಲು."

"ನಿಮ್ಗೆ ಬೇಕಾದಷ್ಟು ಬಿದ್ದಿರ್ಬೇಕು!"

"ಇನ್ನೂ ಬೀಳೋದಿದೆ," ಎನ್ನುತ್ತಾ ಅವನು ತಕ್ಕಡಿ ಒರೆಸತೊಡಗಿದ. ಮಿರುನಾಳಿಗೆ ಅದು ಅರ್ಥವಾಗಲಿಲ್ಲ.

'ಸತ್ತ ಅಜ್ಜಿಯನ್ನು ಇಷ್ಟೊಂದು ನೆನೆಯುತ್ತಾನಲ್ಲ... ಎಂಥ ಮನಸ್ಸು ಇವನದು!' ಹೊಲಿಗೆ ಯಂತ್ರದ ಮುಂದೆ ಕೂತಾಗಲೂ ಅದೇ ಯೋಚನೆ. ಕಾಲರು ತಿರುವುಮುರುವಾಗಿ ಹೊಲಿದು ಎರಡು ಸಲ ಬೈಸಿಕೊಂಡಳು. ಶನಿವಾರಕ್ಕೆ ಕಾಯುತ್ತಿರುವುದು ಬಟ್ಟಲಿಗಾಗಿ ಅಲ್ಲ ಎಂದು ಐದನೇ ವಾರ ಗೊತ್ತಾಗಿಹೋಯಿತು.

ಹಾಗಿರುವಾಗ ಬರೀ ತಿಂದು ಸುಮ್ಮನಿರುವುದು ಹೇಗೆ? ವೇತಾ ಅಜ್ಜಿಗೆ ತಾನೂ ಏನಾದರೂ ಮಾಡಬೇಡವೆ?

ಆ ವಾರ ಮಿರುನಾ ಬ್ರೆಡ್ಡು ಕೊಳ್ಳಲಿಲ್ಲ, ಎಣ್ಣೆ ಕೊಳ್ಳಲಿಲ್ಲ. ಆ ಹಣದಲ್ಲಿ ಅಕ್ರೋಟು, ಸಕ್ಕರೆ ತಂದಳು. ಗೋಧಿ ನೆನೆಸಿ, ಬೇಯಿಸಿ, ಶ್ರಾದ್ಧಕ್ಕೆ ಮಾಡುವ ಕೊಲಿವಾ ಮಾಡಿದಳು. ಮೇಲೆ ಸಕ್ಕರೆಪುಡಿ ಹರಡಿ, ಬಣ್ಣದ ಮಿಠಾಯಿಯಲ್ಲಿ ಒಂದು ಶಿಲುಬೆ, ಅದರ ಕೆಳಗೆ ವೇತಾಳ ಹೆಸರಿನ ಮೊದಲಕ್ಷರ ಕೂರಿಸಿದಳು. ಬುಧವಾರ ಕೆಲಸವಿರಲಿಲ್ಲ. ದಾಮಿಯಾನ್‌ಗೆ ಮೊದಲೇ ಹೇಳದೆ ಕೊಡಬೇಕೆಂದು ಸಂಭ್ರಮದಿಂದ ಸಂತೆಗೆ ಹೋದಳು.

ಅಂಗಡಿಯಲ್ಲಿ ಅವನಿರಲಿಲ್ಲ. ತಲೆಗೆ ವಸ್ತ್ರ ಕಟ್ಟಿದ ಮುದುಕಿಯೊಬ್ಬಳು ಆಲೂಗಡ್ಡೆ ಆರಿಸುತ್ತಾ ಕೂತಿದ್ದಳು.

"ಅವ್ನು ಮೂಟೆ ತರೋಕೆ ಹೋಗವ್ನೆ. ಅದೇನವ್ವಾ ಕೈಯಲ್ಲಿ? ಕೊಲಿವಾನಾ? ಅಯ್ಯೋ, ಯಾರು ಹೋಗ್ಬಿಟ್ರು?"

"ದಾಮಿಯಾನ್ ಅವರ ಅಜ್ಜಿ. ವೇತಾ ಅಂತ."

ಮುದುಕಿಯ ಕೈಯಿಂದ ಆಲೂಗಡ್ಡೆ ಉರುಳಿತು. ತಟ್ಟೆಯನ್ನು ನೋಡಿದಳು. ತನ್ನ ಹೆಸರಿನ ಅಕ್ಷರವನ್ನು ನೋಡಿದಳು. ಅಪಶಕುನ ತೊಲಗಲೆಂದು ರವಿಕೆಯೊಳಕ್ಕೆ ಮೂರು ಸಲ ಥೂ ಥೂ ಥೂ ಎಂದು ಉಗಿದುಕೊಂಡಳು.

"ನಾನೇ ಕಣೇ ವೇತಾ!"

ಮಿರುನಾ ತಟ್ಟೆಯನ್ನು ಆಲೂಗಡ್ಡೆಯ ಪಕ್ಕ ಇಟ್ಟುಬಿಟ್ಟಳು. "ಮತ್ತೆ... ಶನಿವಾರ... ಸರ್ಮಾಲೆ..."

"ಸರ್ಮಾಲೆ ಮಾಡಿದ್ದೂ ನಾನೇ! ಗೆಳೆಯರಿಗೆ ಅಂತ ಮಾಡಿಸ್ಕೊಂಡು ಹೋಗ್ತಿದ್ದ ಕಳ್ಳ. ನನ್ನ ತಿಥಿ ಊಟ ನನ್ನ ಕೈಲೇ ಬೇಯ್ಸಿದ್ನಾ!" ಎಂದು ಕೂಗಾಡುತ್ತಲೇ ಅಜ್ಜಿ ಒಂದು ಚಮಚ ಕೊಲಿವಾ ಬಾಯಿಗೆ ಹಾಕಿಕೊಂಡಳು. "ಸಕ್ಕರೆ ಕಮ್ಮಿ ಆಗೈತೆ. ಆದ್ರೂ ಹದವಾಗಿ ಮಾಡಿದ್ದೀಯ ಮಗಳೇ."

ಅಷ್ಟರಲ್ಲಿ ಮೂಟೆ ಹೊತ್ತು ದಾಮಿಯಾನ್ ಬಂದ. ಇಬ್ಬರನ್ನೂ ಒಟ್ಟಿಗೆ ಕಂಡವನೇ ಬಿಳಿಚಿಕೊಂಡ.

"ಮಿರುನಾ, ನಾನು ಹೇಳೋದು ಕೇಳಿ..."

"ಬೇಡ!" ಮಿರುನಾ ಒಂದು ಹೆಜ್ಜೆ ಹಿಂದೆ ಸರಿದಳು. "ಸತ್ತವರ ಪಾಲು ಅಂತ ತಿಂದೆ. ನನಗೆ ಅಂತ ಕೊಟ್ಟಿದ್ರೆ ಮುಟ್ತಿರ್ಲಿಲ್ಲ."

"ಗೊತ್ತಿತ್ತು. ಅದಕ್ಕೇ..."

"ಅದಕ್ಕೇ ಸುಳ್ಳು ಹೇಳಿದ್ರಿ! ಇವಳಿಗೆ ಗತಿಯಿಲ್ಲ ಅಂತ ನೀವೇ ತೀರ್ಮಾನ ಮಾಡಿದ್ರಿ. ಅವತ್ತು ನಕ್ಕಿರಿ, ಆಮೇಲೆ ಭಿಕ್ಷೆ ಹಾಕಿದ್ರಿ. ಎರಡಕ್ಕೂ ಏನ್ರೀ ವ್ಯತ್ಯಾಸ?"

ಅವಳು ತಿರುಗಿ ಹೊರಟುಬಿಟ್ಟಳು. ಬೆನ್ನ ಹಿಂದೆ ಅಜ್ಜಿ ಮೊಮ್ಮಗನಿಗೆ ಬೈಯುವುದು ಸಂತೆಯ ಬಾಗಿಲವರೆಗೂ ಅವಳಿಗೆ ಕೇಳುತ್ತಿತ್ತು.

ಎರಡು ಶನಿವಾರ ಮಿರುನಾ ಸಂತೆಯ ಕಡೆ ಸುಳಿಯಲಿಲ್ಲ. ಮೂಲೆಯಂಗಡಿಯ ಆಲೂಗಡ್ಡೆಯಲ್ಲೇ ಹೊಟ್ಟೆ ತುಂಬಿಸಿಕೊಂಡಳು. ಕೋಪ ಅವನ ಮೇಲೋ, ಅವನನ್ನು ನೆನೆಯುವ ತನ್ನ ಮೇಲೋ ತಿಳಿಯದೆ ಸುಮ್ಮಸುಮ್ಮನೆ ಅಳು ಬರುತ್ತಿತ್ತು. 'ಅವನ ಮನಸ್ಸಲ್ಲಿ ನಾನು ಬರೀ ಪುಣ್ಯದ ಕೆಲಸ...' ಈ ಮಾತೊಂದೇ ಅವಳನ್ನು ಸುಡುತ್ತಿತ್ತು.

ಎರಡನೇ ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆರೆದರೆ ದಾಮಿಯಾನ್! ಅವಳು ಮೊದಲು ನೋಡಿದ್ದು ಅವನ ಕೈಗಳನ್ನು. ಎರಡೂ ಖಾಲಿ.

"ವಿಳಾಸ ಹೇಗೆ ಸಿಕ್ತು?"

"ಫ್ಯಾಕ್ಟರಿ ಗೇಟಲ್ಲಿ ವಿಚಾರಿಸ್ದೆ. ಹೋಗು ಅಂದ್ರೆ ಹೋಗ್ತೀನಿ." ಸ್ವಲ್ಪ ತಡೆದು ಅಂದ, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮಿರುನಾ. ಊಟಕ್ಕೆ ಹಾಕ್ತೀರಾ?"

ಅವಳಿಗೆ ರೇಗಿತು. ಒಲೆಯ ಮೇಲೆ ಈರುಳ್ಳಿ ಹಾಕಿ ಕಿವುಚಿದ ಕಾಳಿತ್ತು. ಸಂಬಳ ಬರುವ ಮಂಗಳವಾರದವರೆಗೆ ಅವಳಿಗಿದ್ದದ್ದು ಅಷ್ಟೇ. ಇವನಿಗೆ ಅದು ಗೊತ್ತಿಲ್ಲವೆ? ಗೊತ್ತಿದ್ದೇ ಕೇಳುತ್ತಿದ್ದಾನೆಯೆ?

ಆದರೆ ಹಸಿವು ಅಂದವನನ್ನು ಹೊಸ್ತಿಲಲ್ಲಿ ನಿಲ್ಲಿಸಿಕೊಳ್ಳುವುದು ಅವಳಿಂದಾಗಲಿಲ್ಲ. ಒಳಗೆ ಕರೆದು ಬಡಿಸಿದಳು.

ಅವನು ಸಂಕೋಚಪಡಲಿಲ್ಲ. 'ನಿಮಗೆ ಇದೆಯಾ' ಎಂದು ಕೇಳಲಿಲ್ಲ. ತಟ್ಟೆ ಬಳಿದು ತಿಂದು, ತಲೆಯೆತ್ತಿ ಹೇಳಿದ:

"ಇನ್ನೊಂದು ಸೌಟು ಹಾಕಿ."

ಮಿರುನಾ ಸೌಟು ಹಿಡಿದು ನಿಂತುಬಿಟ್ಟಳು. ಅವಳನ್ನು ಇನ್ನೊಂದು ಸೌಟು ಕೇಳುವವರು ಯಾರಿದ್ದರು? ಕೊಡುವಷ್ಟು ಇರುವವಳು ಎಂದು ಅವಳನ್ನು ನೋಡಿದವರು ಯಾರಿದ್ದರು? ಪಾತ್ರೆ ಬಗ್ಗಿಸಿ ಉಳಿದದ್ದನ್ನು ಎರಡು ಪಾಲು ಮಾಡಿ, ತಾನೂ ಎದುರು ಕೂತಳು.

"ನಿಮ್ಮನ್ನ ಕೇಳ್ದೆ ಮಾಡಿದ್ದು ತಪ್ಪು," ಅಂದ ಅವನು. "ಮೊದಲನೇ ಶನಿವಾರ ಕನಿಕರಾನೇ. ಸುಳ್ಳು ಹೇಳಲ್ಲ. ಎರಡನೇ ಶನಿವಾರದಿಂದ ಕನಿಕರ ಅಲ್ಲ... ನೀವು ಬರ್ದಿದ್ರೆ ಅನ್ನೋ ಭಯ. ಅಜ್ಜಿ ಬದುಕಿದ್ದಾಳೆ ಅಂತ ಹೇಳಿದ್ರೆ, ಇನ್ನು ನಿಲ್ಲಿಸಿ ಮಾತಾಡ್ಸೋಕೆ ನನ್ನ ಹತ್ರ ಏನಿರ್ತಿತ್ತು? ನೀವಂದ್ರೆ ನನಗೆ ಪ್ರಾಣ, ಮಿರುನಾ."

ಮಿರುನಾ ತಲೆ ತಗ್ಗಿಸಿದಳು. ಕಣ್ಣೀರು ತಟ್ಟೆಗೆ ಬಿತ್ತು. ಒರೆಸಿಕೊಳ್ಳಲೂ ಇಲ್ಲ.

"ನನಗೂ ಬಟ್ಟಲು ಬೇಕಿರ್ಲಿಲ್ಲ," ಅಂದಳು ಕೊನೆಗೆ. "ನೀವು ಬೇಕಿತ್ತು. ಅದಕ್ಕೇ ಅಷ್ಟು ಉರೀತು."

ಅವನು ಮೇಜಿನ ಮೇಲಿದ್ದ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಪಾತ್ರೆ ಖಾಲಿ ಮಾಡಿದ್ರಲ್ಲ," ಅಂದಳು ಮೂಗು ಸೇದುತ್ತಾ. "ನಾಳೆ ನಾನೇನ್ ತಿನ್ಲಿ?"

"ನಮ್ಮನೆಗೆ ಬಾ. ಯಾರ ಹೆಸರೂ ಹೇಳಲ್ಲ. ನೀನು ಬೇಕು, ಅದಕ್ಕೆ ಕರೀತಿದ್ದೀನಿ."

ಮೊದಲ ಸಲ 'ನೀನು' ಅಂದಿದ್ದ. ಅವಳ ಕೆನ್ನೆ ರಂಗೇರಿತು.

"ಬರ್ತೀನಿ... ಆದ್ರೆ ಅಡುಗೆ ನೀನೇ ಮಾಡ್ಬೇಕು, ಉಪ್ಪು ಕಮ್ಮಿ ಇದ್ರೆ ಮುಖದ ಮೇಲೇ ಹೇಳ್ತೀನಿ."

"ಹೇಳು. ಮುದುಕಿ ಆಗೋವರೆಗೂ ಹೇಳ್ತಿರು!"